ಪಾಸ್‌ವರ್ಡ್ ಮರೆತವರಿಗೆ ಮೇಲ್ ಲಿಂಕಾ, ಓಟಿಪಿನಾ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಹುಡುಗ: ನಮ್ಮೂರ ಪತ್ತಿನ ಸಹಕಾರ ಸಂಘದ ವೆಬ್‌ಸೈಟ್ ಈಗ ನನ್ನ ಕೈಗೆ ಬಂದಿದೆ. ಪಿಎಚ್‌ಪಿ ಭಾಷೆಯಲ್ಲಿ ಬರೆದದ್ದು. ಸದಸ್ಯರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು, ಅರ್ಧಕ್ಕರ್ಧ ಜನರಿಗೆ ಇಮೇಲ್ ಇಲ್ಲ. ಪಾಸ್‌ವರ್ಡ್ ಮರೆತರೆ ತಾಯಿಯ ಹೆಸರು, ಹುಟ್ಟೂರು ಕೇಳಿ ಒಳಗೆ ಬಿಡುತ್ತೆ. ಅದನ್ನು ತೆಗೀತಿದ್ದೀನಿ. ಬದಲಿಗೆ ಮೇಲ್ ಲಿಂಕ್ ಹಾಕಲಾ, ಎಸ್ಸೆಮ್ಮೆಸ್ ಓಟಿಪಿ ಹಾಕಲಾ? ಬಜೆಟ್ ಸಣ್ಣದು.

ಹುಬ್ಬಳ್ಳಿ ಬ್ಯಾಕೆಂಡ್: ಅದು ಆಮ್ಯಾಲೆ ನೋಡ್ರಿ. ಲಿಂಕಿನ್ಯಾಗಿನ ಡೊಮೇನ್ ಎಲ್ಲಿಂದ ಬರ್ತದ ಅದನ್ನ ಮೊದ್ಲು ನೋಡ್ರಿ. ನಮ್ಮ ಹಳೇ ಏಜೆನ್ಸಿಯವ್ರು ಅದನ್ನ ರಿಕ್ವೆಸ್ಟಿನ ಹೋಸ್ಟ್ ಹೆಡರ್‌ನಿಂದ (ಯಾವ ಸೈಟ್ ಬೇಕಂತ ಬ್ರೌಸರ್ ಬರೆದು ಕಳಿಸೂ ಸಾಲು, ಕಳಿಸಾಂವ ತಿದ್ದಬಹುದು) ತಗೊಂಡಿದ್ರು. ಕಳ್ಳ ನಮ್ಮ ಗ್ರಾಹಕರ ಇಮೇಲ್ ಹಾಕಿ, ಹೆಡರ್‌ನ್ಯಾಗ ತನ್ನ ಡೊಮೇನ್ ತುರುಕಿದ್ರ ಮುಗೀತು. ಮೇಲ್ ಹೋಗೂದು ನಮ್ಮ ಸರ್ವರ್‌ನಿಂದನ, ಮೇಲ್ ಕಳಿಸಿದ ಸರ್ವರ್ ಅಸಲಿನೋ ಅಂತ ನೋಡೂ ಎಸ್‌ಪಿಎಫ್ ಪರೀಕ್ಷೆ ಪಾಸು, ಲಿಂಕಿನ್ಯಾಗಿನ ಗುಟ್ಟಿನ ಕೋಡ್ ಅಂದ್ರ ಟೋಕನ್ ಖರೇದು, ಲಿಂಕ್ ಮಾತ್ರ ಕಳ್ಳನ ಸೈಟಿಂದು. ಗ್ರಾಹಕ ಒತ್ತಿದ ಕೂಡ್ಲೆ ಟೋಕನ್ ಕಳ್ಳನ ಲಾಗ್‌ನ್ಯಾಗ, ಪಾಸ್‌ವರ್ಡ್ ಅವನ ಬದಲಿಸ್ತಾನ. 2017ರಾಗ ವರ್ಡ್‌ಪ್ರೆಸ್‌ನ್ಯಾಗೂ ಹೀಂಗ ಹೆಡರ್ ನಂಬಿದ್ದ ದೋಷ ಹೊರಗ ಬಂತು, ಅಲ್ಲಿ ಕೆಟ್ಟದ್ದು ಮೇಲ್ ಕಳಿಸಿದವರ ವಿಳಾಸ.

ಖರ್ಚು ಕೇಳ್ರಿ. ಸೈಟಿನ ಸುರಕ್ಷತಾ ಆಡಿಟ್ 1,80,000, ಜಿಎಸ್‌ಟಿ 32,400. ರೀಟೆಸ್ಟ್ ಬ್ಯಾರೆ 45,000. ರೀಟೆಸ್ಟ್‌ನ್ಯಾಗ ಮತ್ತ ಫೇಲು, ಯಾಕಂದ್ರ ಹೋಸ್ಟ್ ಸರಿ ಮಾಡಿ, ಅಂಥಾದ್ದ ಇನ್ನೊಂದು ಹೆಡರ್ ಎಕ್ಸ್-ಫಾರ್ವರ್ಡೆಡ್-ಹೋಸ್ಟ್ ಹಂಗ ಬಿಟ್ಟಿದ್ರು. ಇನ್ನೊಮ್ಮೆ 45,000. ಡೊಮೇನ್ ಹೆಸರು ಕಾನ್ಫಿಗ್ ಫೈಲಿನ್ಯಾಗ ಬರೆದಿಟ್ಟಿದ್ರ ಒಂದ ಸಾಲಿನ ಕೆಲಸ. ಏಜೆನ್ಸಿಯವ್ರು ಇವತ್ತಿಗೂ ಒಂದು ರೂಪಾಯಿ ಕೊಟ್ಟಿಲ್ಲ.

ಕುಡ್ಲದ ಟೆಸ್ಟರ್: ಹೆಡರ್ ಕತೆ ಸರಿ ಮಾರಾಯ್ರೆ, ಆದರೆ ನಾನು ಹೆಚ್ಚು ಒಡೆದದ್ದು ಓಟಿಪಿಯನ್ನೇ. ಒಂದು ಕಡೆ ನಾಲ್ಕಂಕಿಯ ಕೋಡ್, ಎಷ್ಟು ಸಲ ತಪ್ಪು ಹಾಕಿದರೂ ಕೇಳುವವರಿಲ್ಲ. ಒಟ್ಟು 10,000 ಸಾಧ್ಯತೆ. ಬರ್ಪ್ ಅನ್ನುವ ಟೆಸ್ಟಿಂಗ್ ಟೂಲ್ ಓಡಲಿಕ್ಕೆ ಬಿಟ್ಟು ಚಾ ಕುಡಿದು ಬಂದೆ, ಅಕೌಂಟ್ ತೆರೆದಿತ್ತು. ರಿಪೋರ್ಟ್ ಕೊಟ್ಟ ಮೇಲೆ ಅವರು ಒಂದು ಐಪಿಗೆ (ಇಂಟರ್‌ನೆಟ್ ವಿಳಾಸಕ್ಕೆ) ಇಷ್ಟು ಸಲ ಅಂತ ಮಿತಿ ಹಾಕಿ "ಕ್ಲೋಸ್ಡ್" ಅಂತ ಬರೆದರು. ನಾನು ಒಪ್ಪಲಿಲ್ಲ, ಎರಡನೇ ರಿಪೋರ್ಟ್ ಬರೆದೆ. 2016ರಲ್ಲಿ ಬೆಂಗಳೂರಿನ ಆನಂದ್ ಪ್ರಕಾಶ್ ಅವರಿಗೆ ಫೇಸ್‌ಬುಕ್ 15,000 ಡಾಲರ್ ಕೊಟ್ಟದ್ದು ಇದಕ್ಕೇ: ಮುಖ್ಯ ಸೈಟಿನಲ್ಲಿ ಮಿತಿ ಇತ್ತು, ಬೀಟಾ ಸೈಟಿನಲ್ಲಿ ಇರಲಿಲ್ಲ. 2019ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಮಿತಿ ಇದ್ದರೂ ಬೇರೆ ಬೇರೆ ಐಪಿಗಳಿಂದ ಒಟ್ಟಿಗೆ ಹೊಡೆದರೆ ದಾಟಬಹುದು ಅಂತ ತೋರಿಸಿದವರಿಗೆ 30,000 ಡಾಲರ್. ಲೆಕ್ಕ ಇಡಬೇಕಾದದ್ದು ಕೋಡಿಗೆ. ಐದು ಸಲ ತಪ್ಪಿದರೆ ಆ ಕೋಡ್ ಸತ್ತಿತು ಅಂತ ಆಗಬೇಕು.

ಆಪ್ಸ್ ಅಕ್ಕ: ಓಟಿಪಿ ಓಟಿಪಿ ಅನ್ನೋರು ಯಾರೂ ಅದರ ಬಿಲ್ ಕಟ್ಟಿದವರಲ್ಲ. ಕಂಪನಿಗಳು ಎಸ್ಸೆಮ್ಮೆಸ್ ಕಳಿಸೋಕೆ ಟೆಲಿಕಾಂನವರಲ್ಲಿ ಮಾಡಿಸೋ ಡಿಎಲ್‌ಟಿ ನೋಂದಣಿಗೆ 5,900 ಕಟ್ಟಿದ್ವಿ. ಮೊದಲೇ ಒಪ್ಪಿಗೆ ಪಡೀಬೇಕಾದ ಮೆಸೇಜಿನ ನಮೂನೆ, ಅಂದರೆ ಟೆಂಪ್ಲೇಟ್, ರಿಜೆಕ್ಟ್, ಕಾರಣ ಇಲ್ಲ. ಕೋಡ್ ಬರೋ ವೇರಿಯಬಲ್ ಜಾಗ ಬದಲಿಸಿದೆವು, ಮತ್ತೆ ರಿಜೆಕ್ಟ್. ಕನ್ನಡದಲ್ಲಿ ಕಳಿಸಿದರೆ ಒಂದು ಮೆಸೇಜಿಗೆ 160 ಅಲ್ಲ, 70 ಅಕ್ಷರ ಮಾತ್ರ, ಹಾಗಾಗಿ ಒಂದು ಓಟಿಪಿಗೆ ಎರಡು ಮೆಸೇಜಿನ ದುಡ್ಡು. 2021ರ ಮಾರ್ಚ್ 8ಕ್ಕೆ ಟೆಲಿಕಾಂನವರು ಟೆಂಪ್ಲೇಟ್ ತಾಳೆ ನೋಡೋಕೆ ಶುರು ಮಾಡಿ ಎಷ್ಟೋ ಜನರ ಓಟಿಪಿ ತಡೆದಾಗ, ಮರುದಿನ ಟೆಲಿಕಾಂ ನಿಯಂತ್ರಕ ಟ್ರಾಯ್ ಅದನ್ನು ಏಳು ದಿನ ನಿಲ್ಲಿಸೋವರೆಗೂ ಬೈಸಿಕೊಂಡಿದ್ದು ನಾವು.

ಆಮೇಲೆ ನಮ್ಮ ವೆಂಡರ್, ನಂಬರ್ ನಮ್ಮಲ್ಲಿ ಇದೆಯಾ ಅಂತ ನೋಡದೇ ಎಸ್ಸೆಮ್ಮೆಸ್ ಕಳಿಸೋ ಹಾಗೆ ಬರೆದಿದ್ದ, ವಿದೇಶಿ ಕೋಡ್ ಸಮೇತ. ಶನಿವಾರ ರಾತ್ರಿ ಬಾಟ್‌ಗಳು "ಮರೆತಿದ್ದೀರಾ" ಪುಟಕ್ಕೆ ವಿದೇಶದ ನಂಬರ್‌ಗಳನ್ನು ಸುರಿದವು. ಆ ನಂಬರ್‌ಗಳಿಗೆ ಹೋಗೋ ಮೆಸೇಜಿನ ದುಡ್ಡಲ್ಲಿ ಕಳ್ಳರಿಗೆ ಪಾಲಿರುತ್ತೆ. ಭಾನುವಾರ ಬೆಳಿಗ್ಗೆ ಎಸ್ಸೆಮ್ಮೆಸ್‌ಗೆ ಮುಂಗಡ ತುಂಬಿಟ್ಟ ವಾಲೆಟ್‌ನಲ್ಲಿದ್ದ 38,400 ರೂಪಾಯಿ ಪೂರ್ತಿ ಖಾಲಿ. ಎಸ್ಸೆಮ್ಮೆಸ್ ಗೇಟ್‌ವೇಯವರು ನಯಾಪೈಸೆ ವಾಪಸ್ ಕೊಡಲಿಲ್ಲ. ಮೇಲ್ ಲಿಂಕಿಗೆ ಬಂದ ಮೇಲೆ ನೆಮ್ಮದಿ. 30 ನಿಮಿಷದ ಟೋಕನ್, ಡೇಟಾಬೇಸ್‌ನಲ್ಲಿ ಅದರ ಹ್ಯಾಶ್ (ಮೂಲಕ್ಕೆ ತಿರುಗಿಸಲಾಗದ ರೂಪ) ಮಾತ್ರ.

ಕುಡ್ಲದ ಟೆಸ್ಟರ್: ನೆಮ್ಮದಿಯಾ? ಕಂಪನಿ ಮೇಲ್‌ಗಳಲ್ಲಿ ವೈರಸ್ ನೋಡುವ ಸ್ಕ್ಯಾನರ್ ನಿಮ್ಮ ಲಿಂಕನ್ನು ಬಳಕೆದಾರನಿಗಿಂತ ಮೊದಲೇ ತೆರೆದು ಟೋಕನ್ ಖರ್ಚು ಮಾಡುವುದಿಲ್ಲವಾ?

ಆಪ್ಸ್ ಅಕ್ಕ: ಮಾಡ್ತಿತ್ತು. "ಲಿಂಕ್ ಅವಧಿ ಮುಗಿದಿದೆ" ಅಂತ ಬರುತ್ತೆ ಅಂತ ದಿನವಿಡೀ ಫೋನು. ಈಗ ಲಿಂಕ್ ತೆರೆದರೆ ಬರೀ ಫಾರ್ಮ್ ಬರುತ್ತೆ, ಬಟನ್ ಒತ್ತಿ ಫಾರ್ಮ್ ಸರ್ವರ್‌ಗೆ ಹೋದಾಗ (ಪೋಸ್ಟ್) ಮಾತ್ರ ಟೋಕನ್ ಮುಗಿಯುತ್ತೆ. ಕಲಿಸೋಕೆ ಬರಬೇಡಿ.

ಡಲ್ಲಾಸ್ ಕನ್ನಡತಿ: ಇಬ್ಬರೂ ವಿಳಾಸದ ವಿಷಯವನ್ನೇ ಬಿಟ್ಟಿದ್ದೀರಿ. 2024ರ ಜನವರಿಯಲ್ಲಿ, ತಂಡಗಳು ಕೋಡ್ ಇಡುವ ಗಿಟ್‌ಲ್ಯಾಬ್ ಸರಿಪಡಿಸಿದ ದೋಷಕ್ಕೆ ತೀವ್ರತೆ 10ಕ್ಕೆ 10. ರಿಕ್ವೆಸ್ಟಿನಲ್ಲಿ ಒಂದರ ಬದಲು ಎರಡು ಇಮೇಲ್ ಕಳಿಸಿದರೆ ರೀಸೆಟ್ ಲಿಂಕ್ ಎರಡನೆಯದಕ್ಕೂ ಹೋಗುತ್ತಿತ್ತು. ನಮ್ಮ ತಂಡ ಸ್ವಂತ ಸರ್ವರ್‌ನಲ್ಲಿ ಗಿಟ್‌ಲ್ಯಾಬ್ ನಡೆಸುತ್ತಿತ್ತು, ಅಪ್‌ಡೇಟ್ ಹಾಕಿ ಲಾಗ್ ಜಾಲಾಡಿದ್ದು ನಾನೇ. ಎರಡನೇ ಹಂತದ ಲಾಗಿನ್ ಇದ್ದವರ ಪಾಸ್‌ವರ್ಡ್ ಬದಲಾಗಬಹುದಿತ್ತು, ಅಕೌಂಟ್ ಮಾತ್ರ ಕೈತಪ್ಪುತ್ತಿರಲಿಲ್ಲ. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿಸಿ ಅಂತ ಮೊದಲೇ ಜಗಳ ಆಡಿದ್ದು ಸಾರ್ಥಕವಾಯಿತು. 2019ರ ಡಿಸೆಂಬರ್‌ನಲ್ಲಿ ವೆಬ್‌ಸೈಟ್ ಕಟ್ಟುವ ಪೈಥಾನ್ ಚೌಕಟ್ಟು ಜ್ಯಾಂಗೋದಲ್ಲೂ ಹೀಗೇ: ಯೂನಿಕೋಡ್‌ನ ಬೇರೆ ಅಕ್ಷರ ಇದ್ದರೂ ಹೋಲಿಸುವಾಗ ಒಂದೇ ಅಂತ ಹೊಂದುವ ವಿಳಾಸ ಕೊಟ್ಟರೆ ಟೋಕನ್ ಅಲ್ಲಿಗೆ ಹೋಗುತ್ತಿತ್ತು. ಟೈಪ್ ಮಾಡಿದ ವಿಳಾಸಕ್ಕೆ ಕಳಿಸಲೇಬಾರದು, ಡೇಟಾಬೇಸ್‌ನಲ್ಲಿ ಇರುವುದಕ್ಕೇ ಕಳಿಸಬೇಕು.

ಹುಬ್ಬಳ್ಳಿ ಬ್ಯಾಕೆಂಡ್: ಮೇಡಂ, ಅವ್ರು ಕೇಳಿದ್ದು ಅಡಿಕಿ ಬೆಳೆಗಾರರ ಸಂಘದ ಬಗ್ಗೆ. ಗಿಟ್‌ಲ್ಯಾಬ್ ತಗೊಂಡು ಏನ್ ಮಾಡ್ಲಿ ಅವ್ರು?

ಡಲ್ಲಾಸ್ ಕನ್ನಡತಿ: ಪಿಎಚ್‌ಪಿಯಲ್ಲೂ ಇಮೇಲ್ ಜಾಗಕ್ಕೆ ಅರೇ, ಅಂದರೆ ಹಲವು ವಿಳಾಸಗಳ ಪಟ್ಟಿ, ಕಳಿಸಬಹುದು ಸಾರ್. ಗೊತ್ತಿಲ್ಲದಿದ್ದರೆ ಕೇಳಿ, ತಳ್ಳಿಹಾಕಬೇಡಿ.

ತೀರ್ಥಹಳ್ಳಿ ಹುಡುಗ: ಎಲ್ಲರಿಗೂ ವಂದನೆ. ಇಮೇಲ್ ಇಲ್ಲದವರಿಗೆ ಏನು ಮಾಡೋದು? ಹಲವರ ನಂಬರ್ ಕೂಡ ಬದಲಾಗಿದೆ.

ಆಪ್ಸ್ ಅಕ್ಕ: ಅದಕ್ಕೇ ಓಟಿಪಿ ಬೇಡ ಅಂದಿದ್ದು. ನಿಂತುಹೋದ ಪ್ರೀಪೇಯ್ಡ್ ನಂಬರ್ 90 ದಿನ ಆದಮೇಲೆ ಬೇರೆಯವರಿಗೆ ಸಿಗಬಹುದು. ನಿಮ್ಮ ಸದಸ್ಯರ ಕೋಡ್ ಯಾರದೋ ಮೊಬೈಲಿಗೆ ಹೋಗುತ್ತೆ. ಕಚೇರಿಗೆ ಪಾಸ್‌ಬುಕ್ ತಂದು ಸಹಿ ಹಾಕಿದವರ ನಂಬರ್ ಮಾತ್ರ ಬದಲಿಸಿ. ಮತ್ತೆ, ತಪ್ಪು ಇಮೇಲ್ ಹಾಕಿದರೆ "ಈ ವಿಳಾಸ ನಮ್ಮಲ್ಲಿಲ್ಲ" ಅಂತ ತೋರಿಸಬೇಡಿ, ಯಾರು ಸದಸ್ಯರು ಅಂತ ಹೊರಗಿನವರಿಗೆ ಗೊತ್ತಾಗುತ್ತೆ.

ಹುಬ್ಬಳ್ಳಿ ಬ್ಯಾಕೆಂಡ್: ಇದನ್ನ ಮಾತ್ರ ನಾ ಒಪ್ಪಂಗಿಲ್ಲ. ವಯಸ್ಸಾದವ್ರು ಒಂದು ಅಕ್ಷರ ತಪ್ಪಿ ಹೊಡೆದು ಬಾರದ ಮೇಲಿಗೆ ದಿನಗಟ್ಲೆ ಕಾಯ್ತಾರ. ಆಮ್ಯಾಲೆ ಕ್ಲರ್ಕಿಗೆ ಫೋನ್ ಹಚ್ಚಿ ಪಾಸ್‌ವರ್ಡನ್ನ ಬಾಯಿಲೆ ಹೇಳಿಸ್ಕೊತಾರ. ಯಾವ್ದು ದೊಡ್ಡ ತೂತು ಹೇಳ್ರಿ?

ಕುಡ್ಲದ ಟೆಸ್ಟರ್: ಅಕ್ಕ, ಎರಡಕ್ಕೂ ಒಂದೇ ಸಂದೇಶ ತೋರಿಸಿದರೆ ಸಾಲದು. ಇದ್ದ ವಿಳಾಸಕ್ಕೆ ಮೇಲ್ ಕಳಿಸಿ ಉತ್ತರ ಬರಲಿಕ್ಕೆ ಎರಡು ಸೆಕೆಂಡ್, ಇಲ್ಲದ್ದಕ್ಕೆ ತಕ್ಷಣ. ಆ ಹೊತ್ತು ನೋಡಿಯೇ ಸದಸ್ಯರ ಪಟ್ಟಿ ತೆಗೆಯಬಹುದು. ನಿಮ್ಮ ಸೈಟಿನಲ್ಲಿ ಇದನ್ನು ಯಾರಾದರೂ ಅಳೆದಿದ್ದಾರಾ?

ಆಪ್ಸ್ ಅಕ್ಕ: ನಮ್ಮಲ್ಲಿ ಮೇಲ್ ಕ್ಯೂಗೆ (ಸರದಿಗೆ) ಸೇರಿ ಆಮೇಲೆ ಹೋಗುತ್ತೆ, ಎರಡಕ್ಕೂ ಉತ್ತರ ಒಂದೇ ಹೊತ್ತಲ್ಲಿ. ಲಿಖಿತ ಅನುಮತಿ ಕೊಡಿಸ್ತೀನಿ, ಬಂದು ಅಳೀರಿ.