40 ಪ್ರಭೇದಗಳ ವಿಕಾಸವೃಕ್ಷ: ಅಂದಾಜು ಅಲ್ಗಾರಿದಮ್ ಕೊಟ್ಟ ಮರವನ್ನು ನಂಬಬಹುದಾ?

ಪ್ರಶ್ನೆ: ನನ್ನ ಹತ್ರ 40 ಪ್ರಭೇದಗಳ ಡಿಎನ್‌ಎ ಸಾಲುಗಳಿವೆ. ಪಾರ್ಸಿಮೊನಿ ಮರ, ಅಂದ್ರೆ ಒಟ್ಟು ಬದಲಾವಣೆ ಅತಿ ಕಡಿಮೆ ಇರುವ ಮರ ಕಟ್ಟಬೇಕು. ಅತ್ಯುತ್ತಮ ಮರದ 2 ಪಟ್ಟಿನೊಳಗೆ ಇರುತ್ತೇನೆ ಅಂತ ಖಾತರಿ ಕೊಡುವ ವಿಧಾನ ಓದಿದೆ. ಯಾರಾದರೂ ಬಳಸಿದ್ದೀರಾ?

ಉತ್ತರ 1: ಬಳಸಿದ್ದೇನೆ. ಅದರ ಮರವನ್ನು ನಂಬಬೇಡಿ, ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳಿ. ಎಲ್ಲ ಮರಗಳನ್ನೂ ನೋಡಿ ಆರಿಸೋದು ಆಗದ ಮಾತು: 10 ಪ್ರಭೇದಕ್ಕೇ ಬೇರು ಗುರುತಿಸದ ಮರಗಳು 20,27,025. ಇದು ಎನ್‌ಪಿ-ಹಾರ್ಡ್ (ಅಂದ್ರೆ ಬೇಗ ನಿಖರ ಉತ್ತರ ಕೊಡುವ ದಾರಿ ಯಾರಿಗೂ ಗೊತ್ತಿಲ್ಲದಷ್ಟು ಕಷ್ಟ) ಅಂತ ಫೌಲ್ಡ್ಸ್ ಮತ್ತು ಗ್ರಹಾಂ 1982ರಲ್ಲೇ ತೋರಿಸಿದ್ದಾರೆ.

ಮೂರು ಪ್ರಭೇದ, ಮೂರೇ ಅಕ್ಷರ ತಗೊಳ್ಳಿ: ಟಿಎಎ, ಎಟಿಎ, ಎಎಟಿ. ಯಾವ ಎರಡನ್ನು ಹೋಲಿಸಿದರೂ 2 ಕಡೆ ವ್ಯತ್ಯಾಸ. ನೀವು ಓದಿದ ವಿಧಾನ ಕಟ್ಟೋದು ಮಿನಿಮಮ್ ಸ್ಪ್ಯಾನಿಂಗ್ ಟ್ರೀ, ಅಂದ್ರೆ ಹೊಸ ಪೂರ್ವಜರನ್ನು ಸೇರಿಸದೆ ಇರುವ ಪ್ರಭೇದಗಳನ್ನೇ ಅತಿ ಕಡಿಮೆ ವ್ಯತ್ಯಾಸದಲ್ಲಿ ಜೋಡಿಸುವ ಮರ. ಅದು ಇಲ್ಲಿ ಎರಡು ಗೆರೆ ಎಳೆದು ಒಟ್ಟು 4 ಅನ್ನುತ್ತದೆ. ನಡುವೆ ಎಎಎ ಅನ್ನೋ ಪೂರ್ವಜನನ್ನು ಕೂರಿಸಿದರೆ 3 ಸಾಕು. ತಪ್ಪು ಎಷ್ಟೇ ದೊಡ್ಡದಾದರೂ 2 ಪಟ್ಟು ದಾಟಲ್ಲ, ಯಾಕಂದ್ರೆ ಅತ್ಯುತ್ತಮ ಮರವನ್ನು ಒಂದು ಸುತ್ತು ಹಾಕಿದರೆ ಪ್ರತಿ ಕೊಂಬೆಯ ಮೇಲೆ ಎರಡೇ ಸಲ ಓಡಾಡುತ್ತೀರಿ, ದಾರಿಯಲ್ಲಿ ಸಿಕ್ಕ ಪ್ರಭೇದಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರೆ ಅದೂ ಒಂದು ಸ್ಪ್ಯಾನಿಂಗ್ ಟ್ರೀಯೇ.

ಉಪಯೋಗ ಇಲ್ಲಿದೆ. ಸ್ಪ್ಯಾನಿಂಗ್ ಟ್ರೀ 1,000 ಬಂತು ಅಂದ್ಕೊಳ್ಳಿ. ಹಾಗಾದರೆ ಅತ್ಯುತ್ತಮ ಮರ 500ಕ್ಕಿಂತ ಕೆಳಗೆ ಇರೋಕೆ ಸಾಧ್ಯವೇ ಇಲ್ಲ. ಆಮೇಲೆ ಕೊಂಬೆ ಕಿತ್ತು ಬೇರೆ ಕಡೆ ಅಂಟಿಸಿ ನೋಡುವ ಹುಡುಕಾಟ ಓಡಿಸಿ. 700ಕ್ಕೆ ಇಳಿದರೆ ಅತ್ಯುತ್ತಮದ 1.4 ಪಟ್ಟಿನೊಳಗೆ ಇದ್ದೀರಿ ಅಂತ ಧೈರ್ಯವಾಗಿ ಹೇಳಬಹುದು. ಬರೀ ಹುಡುಕಾಟದಿಂದ ಈ ಮಾತು ಹೇಳಕ್ಕಾಗಲ್ಲ. ನಾನು ಮೊದಲ ಸಲ ಇದನ್ನು ಬಿಟ್ಟುಬಿಟ್ಟು, ಯಾವಾಗ ನಿಲ್ಲಿಸಬೇಕು ಅಂತ ಗೊತ್ತಾಗದೆ ವಾರಗಟ್ಟಲೆ ಸುಮ್ನೆ ಕಂಪ್ಯೂಟರ್ ಓಡಿಸಿದ್ದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಆ ಖಾತರಿ ಇರೋದು ಅಂಕಕ್ಕೆ (ಒಟ್ಟು ಬದಲಾವಣೆಯ ಲೆಕ್ಕಕ್ಕೆ), ಮರದ ಆಕಾರಕ್ಕಲ್ಲ. ಅಂಕ ಹತ್ತಿರ ಇದ್ದು ಆಕಾರ ಪೂರ್ತಿ ಬೇರೆ ಇರಬಹುದು. ಇನ್ನೂ ಕೆಟ್ಟದ್ದು: ಅತ್ಯುತ್ತಮ ಪಾರ್ಸಿಮೊನಿ ಮರವೇ ತಪ್ಪಾಗಬಹುದು. ಬೇಗ ಬೇಗ ಬದಲಾಗುವ ಎರಡು ಪ್ರಭೇದಗಳು ನೆಂಟರಲ್ಲದಿದ್ದರೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಡೇಟಾ ಜಾಸ್ತಿ ಮಾಡಿದಷ್ಟೂ ಇನ್ನೂ ಗಟ್ಟಿಯಾಗಿ. ಫೆಲ್ಸೆನ್‌ಸ್ಟೈನ್ 1978ರಲ್ಲಿ ತೋರಿಸಿದ್ದು ಇದನ್ನೇ. ನನ್ನ ಮರದಲ್ಲಿ ಹಾಗೆ ಅಂಟಿದ್ದ ಜೋಡಿಯಲ್ಲಿ ಒಂದನ್ನು ತೆಗೆದೆ, ಇನ್ನೊಂದು ಮರದ ಆ ತುದಿಗೆ ಹಾರಿತು! ನೀವೂ ಉದ್ದ ಕೊಂಬೆಗಳನ್ನು (ಅಂದ್ರೆ ಬದಲಾವಣೆ ಜಾಸ್ತಿ ಆದ ಪ್ರಭೇದಗಳನ್ನು) ಒಂದೊಂದಾಗಿ ತೆಗೆದು ನೋಡಿ. ಲೈಕ್ಲಿಹುಡ್ ವಿಧಾನದಲ್ಲೂ (ಈ ಡೇಟಾ ಬರುವ ಸಂಭವ ಯಾವ ಮರಕ್ಕೆ ಹೆಚ್ಚು ಅಂತ ನೋಡುವುದು) ಒಮ್ಮೆ ಕಟ್ಟಿ.

ಉತ್ತರ 3: ಆತುರ ಇದ್ದರೆ ನೇಬರ್ ಜಾಯಿನಿಂಗ್ (ಸೈತೌ, ನೇಯಿ, 1987), ಅಂದ್ರೆ ಜೋಡಿಗಳ ನಡುವಿನ ದೂರ ನೋಡಿ ಒಂದೊಂದೇ ಜೋಡಿ ಸೇರಿಸುತ್ತ ಮರ ಕಟ್ಟೋದು. ಪ್ರತಿ ಜೋಡಿಯ ದೂರದ ಅಳತೆಯಲ್ಲಿ ತಪ್ಪು ಅತಿ ಗಿಡ್ಡ ಕೊಂಬೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಆಕಾರ ಸರಿಯಾಗಿಯೇ ಬರುತ್ತದೆ ಅಂತ ಸಾಬೀತಾಗಿದೆ. ಇದು ಆಕಾರಕ್ಕೇ ಕೊಟ್ಟ ಖಾತರಿ, ನೋಡಿ. ಒಳಗಿನ ಕೊಂಬೆಗಳು ತೀರಾ ಗಿಡ್ಡ ಇದ್ದರೆ ಮಾತ್ರ ಕಷ್ಟ.

ಉತ್ತರ 4: ನಾಲ್ಕು ನಾಲ್ಕು ಪ್ರಭೇದಗಳ ಗುಂಪು ಮಾಡಿ ಜೋಡಿಸುವ ವಿಧಾನಗಳೂ ಇವೆ, 40ಕ್ಕೆ 91,390 ಗುಂಪು. ಅಲ್ಲಿ ಯಾರಾದರೂ ಮೂರನೇ ಒಂದು ಭಾಗ ಗುಂಪುಗಳ ಆಕಾರ ಸರಿ ಬರೋದು ಖಾತರಿ ಅಂದರೆ ಹಿಗ್ಗಬೇಡಿ. ನಾಲ್ಕು ಪ್ರಭೇದಕ್ಕೆ ಇರೋದೇ ಮೂರು ಆಕಾರ, ಕಣ್ಣುಮುಚ್ಚಿ ಕಟ್ಟಿದ ಮರಕ್ಕೂ ಸರಾಸರಿ ಅಷ್ಟು ಸಿಗುತ್ತೆ, ಅಲ್ವಾ?

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ನೋಡಿದೆ, ನನ್ನ ಮರದಲ್ಲೂ ಎರಡು ಉದ್ದ ಕೊಂಬೆ ಅಕ್ಕಪಕ್ಕವೇ ಇವೆ. ಒಂದನ್ನು ತೆಗೆದು ಮತ್ತೆ ಓಡಿಸುತ್ತಿದ್ದೇನೆ.