ಅಪ್‌ಡೇಟ್: ಅನುದಾನ ಸಿಕ್ತು, ಪ್ರೊಜೆಕ್ಟರ್ ಹೋಯ್ತು

ನೋಂದಣಿಯಿಲ್ಲದ ನಮ್ಮ ಓದುಗರ ಬಳಗಕ್ಕೆ ಸ್ಥಳೀಯ ಕೌನ್ಸಿಲ್‌ನ ಸಣ್ಣ ಅನುದಾನ ಸಿಗುತ್ತಾ ಅಂತ ಕೇಳಿದ್ದೆನಲ್ಲ, ಸಿಕ್ಕಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೋಂದಣಿ ಅಡ್ಡ ಬರಲಿಲ್ಲ. ಬೇಕಾಗಿದ್ದು ಲಿಖಿತ ನಿಯಮಾವಳಿ, ಬಳಗದ ಹೆಸರಲ್ಲೇ ಬ್ಯಾಂಕ್ ಖಾತೆ. ಸಹಿ ಮಾಡೋ ಇಬ್ಬರು ಒಂದೇ ಮನೆಯವರಾಗಿರಬಾರದು. ನಿಯಮಾವಳಿ ಕೈಗೆ ಕೊಟ್ಟರೆ ಅಧಿಕಾರಿ ನೇರ ಕೊನೇ ಪುಟಕ್ಕೇ ಹೋದರು: ಬಳಗ ಮುಚ್ಚಿದರೆ ಉಳಿದ ದುಡ್ಡು, ಸಾಮಾನು ಯಾರಿಗೆ? ಸದಸ್ಯರು ಹಂಚಿಕೊಳ್ಳೋ ಹಾಗಿಲ್ಲ, ಇಂಥದ್ದೇ ಉದ್ದೇಶದ ಇನ್ನೊಂದು ಗುಂಪಿಗೆ ಹೋಗಬೇಕು. ಆ ಸಾಲು ನಮ್ಮಲ್ಲಿತ್ತು, ಬಚಾವ್.

ತಲೆ ತಿಂದದ್ದು ಬಜೆಟ್. ‘ಇತರೆ ಖರ್ಚು’ ಅಂತ ಬರೆದ ಸಾಲಿಗೆ ಕೆಂಪು ಗೆರೆ ಬಿತ್ತು. ಕುರ್ಚಿ, ಕಪಾಟು, ಪ್ರೊಜೆಕ್ಟರ್ ಅಂತ ಬಿಡಿಬಿಡಿಯಾಗಿ ಬರೆದು, ಪ್ರತಿಯೊಂದಕ್ಕೂ ಕೊಟೇಶನ್ ಲಗತ್ತಿಸಬೇಕಾಯ್ತು. ಅನುದಾನದ ಜೊತೆ ಬಳಗ ಹಾಕಬೇಕಾದ ನಮ್ಮ ಪಾಲಿನ ಹಣದ ಬದಲು ಸ್ವಯಂಸೇವಕರ ಕೆಲಸದ ಗಂಟೆಗಳನ್ನು ತೋರಿಸಿ ಅಂತ ನಿಮ್ಮಲ್ಲೊಬ್ಬರು ಹೇಳಿದ್ದರು. ಹಾಜರಿ ಪುಸ್ತಕ ಇಟ್ಟಿದ್ದರಿಂದ ಅದನ್ನೂ ಒಪ್ಪಿದರು. ಪ್ರೊಜೆಕ್ಟರ್ ಮಾತ್ರ ಪಟ್ಟಿಯಿಂದ ಹೊಡೆದುಹಾಕಿದರು. ಓದೋ ಬಳಗಕ್ಕೆ ಅದೇನು ಅಷ್ಟು ಬೇಕಿರಲಿಲ್ಲ ಬಿಡಿ.

ಅರ್ಜಿ ಹಾಕೋರು ಗಮನಿಸಿ: ಮಂಜೂರಾತಿ ಪತ್ರದ ತಾರೀಖಿಗಿಂತ ಹಿಂದಿನ ಬಿಲ್ಲು ನಡೆಯಲ್ಲ. ಅಂಗಡಿಯವರು ಎಷ್ಟೇ ಅವಸರ ಮಾಡಲಿ, ಪತ್ರ ಕೈಗೆ ಬರೋವರೆಗೆ ಅಡ್ವಾನ್ಸ್ ಕೊಡಬೇಡಿ. ಖರ್ಚಾಗದೆ ಉಳಿದದ್ದು ವಾಪಸ್ ಹೋಗುತ್ತೆ.

ಈಗ ವರದಿ ಫಾರಂ ತುಂಬ್ತಾ ಇದ್ದೀನಿ. ‘ಎಷ್ಟು ಜನರಿಗೆ ಪ್ರಯೋಜನವಾಯ್ತು’ ಅನ್ನೋ ಕಾಲಂನಲ್ಲಿ, ಒಬ್ಬರೇ ಹತ್ತು ಸಲ ಬಂದಿದ್ದರೆ ಒಂದು ಅಂತ ಬರೀಬೇಕಾ, ಹತ್ತು ಅಂತಲಾ? ತುಂಬಿದ ಅನುಭವ ಇರೋರು ಹೇಳಿ.