ಮಗಳಿಗೆ ಲಕ್ಸೆಂಬರ್ಗಿಷ್ ಹೇಗೆ ಕಲಿಸೋದು? ಅನುಭವ ಇದ್ದವರು ಹೇಳಿ

ಕೇಳಿದವರು, ಸ್ಟ್ರಾಸೆನ್: ನಾವು ಮೈಸೂರಿನವರು, ಲಕ್ಸೆಂಬರ್ಗ್ ದೇಶಕ್ಕೆ ಬಂದು 14 ತಿಂಗಳು. ಮಗಳಿಗೆ ಮೂರು ತುಂಬಿ ಎರಡು ತಿಂಗಳಾಯಿತು. ಮನೆಯಲ್ಲಿ ಕನ್ನಡ, ಕ್ರೆಶ್‌ನಲ್ಲಿ ಹೆಚ್ಚುಕಮ್ಮಿ ಬರೀ ಫ್ರೆಂಚ್. ಈ ಸೆಪ್ಟೆಂಬರ್‌ಗೆ ಪ್ರೆಕೋಸ್‌ಗೆ (ಮೂರು ವರ್ಷದವರ ತರಗತಿ, ಕಡ್ಡಾಯವಲ್ಲ) ಹಾಕಬಹುದು, ಮುಂದಿನ ವರ್ಷ ಸ್ಪಿಲ್‌ಶೂಲ್ (ನಾಲ್ಕು ವರ್ಷದಿಂದ ಹೋಗುವ ನರ್ಸರಿ ಶಾಲೆ) ಕಡ್ಡಾಯ. ಟ್ಯೂಷನ್ ಇಡೋದಾ? ನಾವೇ ಕಲಿತು ಮನೆಯಲ್ಲಿ ಮಾತಾಡೋದಾ?

ಎಶ್‌ನ ಅಮ್ಮ: ಟ್ಯೂಷನ್ ಮಾತ್ರ ಬೇಡ ರೀ. ಮಗನಿಗೆ ಮೂರೂವರೆ ಇದ್ದಾಗ ಮನೆಗೇ ಒಬ್ಬರನ್ನು ಕರೆಸಿದ್ದೆ. ಗಂಟೆಗೆ 40 ಯೂರೋ, ವಾರಕ್ಕೆ ಎರಡು ಗಂಟೆ, ಏಳು ತಿಂಗಳು. ಲೆಕ್ಕ ಹಾಕಿ, 2,200 ದಾಟುತ್ತದೆ. ಕಾಫಿ, ಚಕ್ಕುಲಿ ಬೇರೆ. ಇವನು ಸೋಫಾ ಹಿಂದೆ ಅಡಗಿ ಕೂರುತ್ತಿದ್ದ, 'ಮೋಯೆನ್, ಮೋಯೆನ್' (ನಮಸ್ಕಾರ) ಅಂತ ಕಲಿತವಳು ನಾನು. ಒಂದು ಸಲ ಮಗುವಿಗೆ 39 ಡಿಗ್ರಿ ಜ್ವರ ಅಂತ ಬೆಳಿಗ್ಗೆ ಬೇಡ ಅಂದಿದ್ದಕ್ಕೆ ಆ ದಿನದ ಪೂರ್ತಿ ದುಡ್ಡು ವಸೂಲಿ ಮಾಡಿದರು, ಇನ್ನೂ ಹೊಟ್ಟೆ ಉರಿಯುತ್ತದೆ. ಸ್ಪಿಲ್‌ಶೂಲ್ ಸೇರಿದ ಮೇಲೂ ಎಂಟು ತಿಂಗಳು ಬಾಯಿ ಬಿಡಲಿಲ್ಲ. ಟೀಚರ್ ಕಿವಿ ತೋರಿಸಿ ಅಂದರು. ತೋರಿಸಿದೆವು, ಕಿವಿ ನೆಟ್ಟಗೇ ಇತ್ತು. ಆಮೇಲೆ ಯಾರದೋ ಹುಟ್ಟುಹಬ್ಬದಲ್ಲಿ ಕೇಕ್ ಹಂಚುವಾಗ 'ಎಖ್ ಓಖ್!' ಅಂದನಂತೆ. ನನಗೂ ಬೇಕು ಅಂತ. ಅವತ್ತು ತೆರೆದ ಬಾಯಿ ಮುಚ್ಚಿಲ್ಲ.

ಡಿಫರ್ಡಾಂಜ್ ಅಪ್ಪ: ಇಷ್ಟು ಪಾಡು ಯಾಕೆ? ಸರ್ಕಾರಿ ಯುರೋಪಿಯನ್ ಶಾಲೆಯ ಇಂಗ್ಲಿಷ್ ವಿಭಾಗಕ್ಕೆ ಹಾಕಿ. ಫೀಸ್ ಇಲ್ಲ, ಲಕ್ಸೆಂಬರ್ಗಿಷ್ ಕೂಡ ಒಂದಿಷ್ಟು ಕಲಿಸುತ್ತಾರೆ. ಮೊದಲ ವರ್ಷ ನಮಗೆ ಸೀಟು ಸಿಗಲಿಲ್ಲ, ಖಾಸಗಿ ಶಾಲೆಗೆ ಸುರಿದ ದುಡ್ಡಿನಲ್ಲಿ ಊರಲ್ಲಿ ಒಂದು ಕಾರು ಬರುತ್ತಿತ್ತು. ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ, ಬಿಡಿ. ಆದರೆ ನಾಳೆ ಕಂಪನಿ ಡಬ್ಲಿನ್‌ಗೆ ಕಳಿಸಿದರೆ ಈ ಲಕ್ಸೆಂಬರ್ಗಿಷ್ ಇಟ್ಟುಕೊಂಡು ಉಪ್ಪಿನಕಾಯಿ ಹಾಕುತ್ತೀರಾ?

ಬೆಟಂಬೂರ್, 11 ವರ್ಷದಿಂದ: ಉಪ್ಪಿನಕಾಯಿಯವರೇ, ನಿಮ್ಮ ಮಗು ಪಕ್ಕದ ಮನೆ ಮಗುವಿನ ಜೊತೆ ಯಾವ ಭಾಷೆಯಲ್ಲಿ ಆಡುತ್ತದೆ? ನನ್ನ ಮಗಳು ಫೆಬ್ರವರಿ 2ಕ್ಕೆ, ಲೀಷ್ಟ್‌ಮೆಸ್‌ಡಾಗ್ ದಿನ, ಲಾಟೀನು ಹಿಡಿದು ಬೀದಿಯ ಮಕ್ಕಳ ಜೊತೆ ಮನೆಮನೆಗೆ ಹಾಡುತ್ತಾ ಹೋಗಿ ಚೀಲ ತುಂಬ ಚಾಕೊಲೇಟ್ ತಂದಳು. ಅದಕ್ಕೆ ಬೆಲೆ ಕಟ್ಟೋಕೆ ಆಗುತ್ತಾ? ಹಾಗಂತ ಎಲ್ಲ ಸುಖ ಅಂತಲ್ಲ. ಆರನೇ ವರ್ಷಕ್ಕೆ ಅಕ್ಷರ ಕಲಿಸಿದ್ದು ಜರ್ಮನ್‌ನಲ್ಲಿ. ಎರಡು ವರ್ಷ ಚಿಟ್ಟೆಗೆ 'ಪೈಪರ್ಲೆಕ್' ಅಂದ ಮಗು ಈಗ 'ಶ್ಮೆಟರ್ಲಿಂಗ್' ಅಂತ ಬರೆಯಬೇಕು. ಆಲೂಗಡ್ಡೆ 'ಗ್ರೊಂಪರ್' ಇದ್ದದ್ದು 'ಕಾರ್ಟೋಫೆಲ್' ಆಯಿತು. ಎರಡು ವರ್ಷದ ಶಾಲಾ ಹಂತಕ್ಕೆ ಇಲ್ಲಿ 'ಸೈಕಲ್' ಅಂತಾರೆ, ಆ ಸೈಕಲ್ಲಿನಲ್ಲಿ ಎರಡರ ಬದಲು ಮೂರು ವರ್ಷ ಕೂತಳು. ಟೀಚರ್ ಜೊತೆಗಿನ ಸಭೆ ಮುಗಿಸಿ ಬಂದು ನಾನು ಕಾರಿನಲ್ಲಿ ಅತ್ತಿದ್ದೇನೆ.

ಡಿಫರ್ಡಾಂಜ್ ಅಪ್ಪ: ಒಂದು ವರ್ಷ ಹೋಯಿತು ಅಂತ ನೀವೇ ಹೇಳುತ್ತೀರಿ, ಬುದ್ಧಿ ಮಾತ್ರ ನನಗೆ!

ಬೆಟಂಬೂರ್, 11 ವರ್ಷದಿಂದ: ಹೋಗಿಲ್ಲ ಸ್ವಾಮಿ. ಈಗ ನಾಲ್ಕು ಭಾಷೆ ಮಾತಾಡುತ್ತಾಳೆ. ನಿಮ್ಮ ಕಾರಿನ ದುಡ್ಡು ವಾಪಸ್ ಬಂತಾ?

ಬೊನ್‌ವೊಯಿ, ಮಂಗಳೂರು ಕಡೆಯವನು: ಜಗಳ ಆಮೇಲೆ ಮಾಡಿ. ಮೇಡಂ, ಮನೆಯಲ್ಲಿ ನೀವು ಹರಕುಮುರಕು ಲಕ್ಸೆಂಬರ್ಗಿಷ್ ಮಾತಾಡಬೇಡಿ. ನಾನು ಪೌರತ್ವದ ಭಾಷಾ ಪರೀಕ್ಷೆಗೆ ಓದುತ್ತಾ ಅದನ್ನೇ ಮಗನ ಮೇಲೆ ಪ್ರಯೋಗ ಮಾಡಿದೆ. ಅವನು ನನ್ನ ತಪ್ಪು ತಿದ್ದೋದು ಕಲಿತ, ಕನ್ನಡ ಬಿಟ್ಟ. ಈಗ ಅಜ್ಜಿ ಫೋನಿನಲ್ಲಿ 'ಊಟ ಆಯ್ತಾ' ಅಂದರೆ 'ಯೋ' ಅನ್ನುತ್ತಾನೆ, ಹೌದು ಅಂತ. ಅವರು ಇವನು ಯಾರನ್ನೋ ಗದರಿಸ್ತಾ ಇದ್ದಾನೆ ಅಂದುಕೊಂಡರು. ನಮ್ಮೂರಲ್ಲಿ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಯಾರು ಟ್ಯೂಷನ್ ಇಟ್ಟಿದ್ದರು?

ಎಶ್‌ನ ಅಮ್ಮ: ಟ್ಯೂಷನ್ ಮಾತು ನನಗೇ ತಾನೇ? ಬೇಡ ಅಂತಲೇ ಬರೆದಿದ್ದೇನೆ, ಪೂರ್ತಿ ಓದಿ. ಮತ್ತೆ ನೀವು ಕಲಿತದ್ದು ಪಾಸ್‌ಪೋರ್ಟಿಗೆ, ಮಗನಿಗಲ್ಲ.

ಬೊನ್‌ವೊಯಿ, ಮಂಗಳೂರು ಕಡೆಯವನು: ಪಾಸ್‌ಪೋರ್ಟಿಗೇ. ಐದು ವರ್ಷ ಇದ್ದು, ತೆರಿಗೆ ಕಟ್ಟಿ, ಎರಡು ಸಲ ಪರೀಕ್ಷೆ ಬರೆದು ತಗೊಂಡೆ. ತಪ್ಪೇನು?

ಡಿಫರ್ಡಾಂಜ್ ಅಪ್ಪ: ತಪ್ಪಿಲ್ಲ, ಊರಿನ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ (ವಿದೇಶಿ ಪೌರರಾದ ಭಾರತೀಯರಿಗೆ ಕೊಡುವ ಕಾರ್ಡ್) ಹಿಡಿದು ಓಡಾಡಿ. ಹೊಲ ತಗೊಳ್ಳೋಕೆ ಹೋದಾಗ ಗೊತ್ತಾಗುತ್ತದೆ.

ಕೇಳಿದವರು, ಸ್ಟ್ರಾಸೆನ್: ಹೊಲ ಯಾರು ಕೇಳಿದರು! ಪ್ರೆಕೋಸ್‌ಗೆ ಅರ್ಜಿ ಹಾಕಿದ್ದೇವೆ. ಅಲ್ಲಿ ಮಂಗಳವಾರ, ಗುರುವಾರ ಮಧ್ಯಾಹ್ನ ಶಾಲೆ ಇಲ್ಲವಂತೆ. 12 ಗಂಟೆಗೆ ಕರೆದುಕೊಂಡು ಬರೋದು ಯಾರು ಅಂತ ಈಗ ನಮ್ಮಿಬ್ಬರಲ್ಲೇ ಶುರುವಾಗಿದೆ.